ಶರೀರ ಮತ್ತು ಶಾರೀರ: ಕರ್ನಾಟಕದ ಸಂಗೀತ ಶಿಕ್ಷಣದಲ್ಲಿ ದೇಹಪ್ರಜ್ಞೆ ಹಾಗೂ ವೇದಿಕೆಯ ಸಂವಹನ – ಒಂದು ಚಾರಿತ್ರಿಕ ಅವಲೋಕನ

ಹಾಡುಗಾರರ ಕಂಠವನ್ನು ಕುರಿತು ಮಾತನಾಡುವಾಗ ಕನ್ನಡಿಗರು ಬಳಸುವ ಪದ ‘ಶಾರೀರ’. ‘ಒಳ್ಳೆಯ ಶಾರೀರ’, ‘ಶಾರೀರ ಒಡೆದಿದೆ’, ‘ಇಂದು ಶಾರೀರ ಸಹಕರಿಸಲಿಲ್ಲ’ ಎಂಬ ಮಾತುಗಳು ಕಛೇರಿಗಳ ಸುತ್ತಮುತ್ತ ಇಂದಿಗೂ ಕೇಳಿಬರುತ್ತವೆ. ಶರೀರವಿದ್ದು ಶಾರೀರವಿಲ್ಲದವರನ್ನು ಕುರಿತ ಹಾಸ್ಯವೂ ರಸಿಕರ ನಡುವೆ ಹಳೆಯದೇ. ಹಾಸ್ಯವನ್ನು ಬದಿಗಿಟ್ಟು ನೋಡಿದರೆ ಈ ಪದದೊಳಗೆ ಒಂದು ತಿಳಿವಳಿಕೆ ಅಡಗಿದೆ. ಕಂಠವೆಂಬುದು ದೇಹದಿಂದ ಬೇರೆಯಾದ ವಾದ್ಯವಲ್ಲ. ಅದು ಶರೀರಕ್ಕೆ ಸಂಬಂಧಿಸಿದ್ದು, ಶರೀರದೊಡನೆಯೇ ಹುಟ್ಟಿದ್ದು ಎಂಬುದೇ ಆ ತಿಳಿವಳಿಕೆ.

ಸಂಗೀತ ವಿದ್ಯಾರ್ಥಿಯು ಹೇಗೆ ಕುಳಿತುಕೊಳ್ಳಬೇಕು, ಕೈಯನ್ನು ಏನು ಮಾಡಬೇಕು, ಕಣ್ಣನ್ನು ಎಲ್ಲಿ ನಿಲ್ಲಿಸಬೇಕು, ಸಭೆಯ ಭಯವನ್ನು ಹೇಗೆ ಎದುರಿಸಬೇಕು ಎಂಬ ಪ್ರಶ್ನೆಗಳು ಇತ್ತೀಚೆಗೆ ಪಾಶ್ಚಾತ್ಯ ದೇಶಗಳಿಂದ ಬಂದವು ಎಂಬ ಭಾವನೆ ನಮ್ಮ ಸಂಗೀತ ಶಿಕ್ಷಣ ವಲಯದಲ್ಲಿದೆ. ವಾಸ್ತವದಲ್ಲಿ ಇವು ನಮ್ಮ ಲಕ್ಷಣಗ್ರಂಥಗಳಷ್ಟೇ ಹಳೆಯವು. ಶಾಸ್ತ್ರವು ದೋಷಗಳಿಗೆ ಹೆಸರಿಟ್ಟಿತು. ಅವುಗಳನ್ನು ತಿದ್ದುವ ಕೆಲಸವನ್ನು ಗುರುವಿನ ಕಣ್ಣು ಮತ್ತು ಕಿವಿ ಮಾಡಿದವು. ಇಪ್ಪತ್ತನೆಯ ಶತಮಾನದಲ್ಲಿ ಆ ಕಣ್ಣಿಗೆ ದೊರೆಯುತ್ತಿದ್ದ ಅವಕಾಶಗಳು ಒಂದೊಂದಾಗಿ ಕಡಿಮೆಯಾದವು. ಹೆಸರುಗಳ ಪಟ್ಟಿ ಮಾತ್ರ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯಿತು. ಈ ಸ್ಥಿತ್ಯಂತರವನ್ನು ಕರ್ನಾಟಕದ ಸಂದರ್ಭದಲ್ಲಿ ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕರ್ನಾಟಕ ಹಾಗೂ ಹಿಂದೂಸ್ತಾನಿ ಪದ್ಧತಿಗಳೆರಡೂ ಒಂದೇ ನಾಡಿನಲ್ಲಿ ಬೆಳೆದುಬಂದಿರುವುದರಿಂದ ಇಂತಹ ಅಧ್ಯಯನಕ್ಕೆ ನಮ್ಮ ರಾಜ್ಯವು ವಿಶೇಷವಾಗಿ ತಕ್ಕ ಕ್ಷೇತ್ರವಾಗಿದೆ.

ಲಕ್ಷಣಗ್ರಂಥಗಳಲ್ಲಿ ದೇಹ

ವೇದಪಠನಕ್ಕೆ ಸಂಬಂಧಿಸಿದ ಶಿಕ್ಷಾಗ್ರಂಥಗಳಲ್ಲಿಯೇ ಪಠಿಸುವವನ ದೇಹದ ಪ್ರಸ್ತಾಪವಿದೆ. ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಎಣಿಸುವಾಗ ತಲೆಯಾಡಿಸುತ್ತ ಓದುವವನನ್ನೂ ಆ ಸಾಲಿಗೆ ಸೇರಿಸುತ್ತದೆ. ನಾರದೀಯ ಶಿಕ್ಷೆಯು ಮರದ ವೀಣೆಯ ಜೊತೆಗೆ ‘ಗಾತ್ರವೀಣೆ’ಯನ್ನು, ಅಂದರೆ ದೇಹವೆಂಬ ವೀಣೆಯನ್ನು ಹೇಳುತ್ತದೆ. ಸಾಮಗಾನ ಮಾಡುವವನು ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳನ್ನು ಮುಟ್ಟುತ್ತ ಸ್ವರಸ್ಥಾನಗಳನ್ನು ಗುರುತಿಸಿಕೊಳ್ಳುವ ಕ್ರಮವಿದು. ಸ್ವರವು ಕಿವಿಯಲ್ಲಿ ಮಾತ್ರವಲ್ಲದೆ ಕೈಯಲ್ಲಿಯೂ ನೆಲೆಸಬೇಕೆಂಬ ಶಿಕ್ಷಣತತ್ತ್ವ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದೇ ಗ್ರಂಥವು ಹದಿನಾಲ್ಕು ಗೀತದೋಷಗಳನ್ನು ಹೇಳುತ್ತದೆ. ಶಂಕಿತ, ಭೀತ, ಉದ್ಘೃಷ್ಟ, ಅವ್ಯಕ್ತ, ಅನುನಾಸಿಕ, ಕಾಕಸ್ವರ ಮೊದಲಾದ ಇವು ಹೆಚ್ಚಾಗಿ ಧ್ವನಿಯ ದೋಷಗಳು ಮತ್ತು ಆ ಧ್ವನಿಯ ಹಿಂದಿರುವ ಮನಸ್ಸಿನ ದೋಷಗಳು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಸಂಗೀತವು ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳೆಂಬ ರೂಪದಲ್ಲಿ ಬರುತ್ತದೆ. ರಾಜನ ವಿನೋದವಾಗಿ ಸಂಗೀತವನ್ನು ಕಾಣುವ ಈ ದೃಷ್ಟಿಯಲ್ಲಿ ಕೇಳುವವನು ಎದುರಿಗೇ ಕುಳಿತಿದ್ದಾನೆ. ಹಾಡುಗಾರನನ್ನು ಆತ ಕೇಳುವುದಷ್ಟೇ ಅಲ್ಲ, ನೋಡುತ್ತಲೂ ಇದ್ದಾನೆ.

ಈ ಎರಡು ಧಾರೆಗಳು ಒಂದುಗೂಡಿ ಪರಿಪೂರ್ಣ ರೂಪ ಪಡೆದದ್ದು ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿ, ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದಲ್ಲಿ. ಇಂದಿನ ಉತ್ತರ ಕರ್ನಾಟಕದ ಬಹುಭಾಗವೂ ಸಿಂಘಣನ ಆಳ್ವಿಕೆಗೆ ಒಳಪಟ್ಟಿತ್ತು. ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ಹದಿನೈದನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದವನು. ಹೀಗೆ ಗ್ರಂಥ ಮತ್ತು ವ್ಯಾಖ್ಯಾನಗಳೆರಡಕ್ಕೂ ನಮ್ಮ ನಾಡಿನ ನಂಟಿದೆ.

ಸಂಗೀತರತ್ನಾಕರದ ಮೊದಲ ಅಧ್ಯಾಯದಲ್ಲಿ, ಸ್ವರವಿಚಾರವನ್ನು ವಿವರಿಸುವ ಮುನ್ನವೇ, ‘ಪಿಂಡೋತ್ಪತ್ತಿ’ ಎಂಬ ಪ್ರಕರಣವಿದೆ. ಗರ್ಭದಲ್ಲಿ ದೇಹ ರೂಪುಗೊಳ್ಳುವ ಬಗೆ, ಅಂಗಾಂಗಗಳು, ನಾಡಿಗಳು, ಚಕ್ರಗಳು ಇಲ್ಲಿನ ವಿಷಯ. ಸಂಗೀತದ ಗ್ರಂಥದಲ್ಲಿ ಇದೇಕೆ ಎಂಬ ಪ್ರಶ್ನೆಗೆ ಉತ್ತರ ಮುಂದಿನ ಪ್ರಕರಣದಲ್ಲಿ ದೊರೆಯುತ್ತದೆ. ನುಡಿಯಬೇಕೆಂಬ ಇಚ್ಛೆಯು ಮನಸ್ಸನ್ನು ಪ್ರೇರಿಸುತ್ತದೆ. ಮನಸ್ಸು ದೇಹದ ಅಗ್ನಿಯನ್ನೂ, ಅಗ್ನಿಯು ವಾಯುವನ್ನೂ ಎಬ್ಬಿಸುತ್ತದೆ. ಮೇಲೇರುವ ವಾಯು ನಾದವಾಗುತ್ತದೆ. ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಮೂರ್ಧವೆಂಬ ನೆಲೆಗಳನ್ನು ಹೇಳಲಾಗಿದೆ. ಮಂದ್ರಸ್ವರವನ್ನು ಹಿಡಿದಾಗ ಎದೆಯಲ್ಲಿ, ತಾರಸ್ವರದಲ್ಲಿ ತಲೆಯಲ್ಲಿ ಉಂಟಾಗುವ ಕಂಪನವನ್ನು ಅನುಭವಿಸಿದ ಯಾವ ಹಾಡುಗಾರರಿಗೂ ಈ ವಿವರಣೆ ಅಪರಿಚಿತವೆನಿಸದು.

ಮೂರನೆಯದಾದ ಪ್ರಕೀರ್ಣಕಾಧ್ಯಾಯದಲ್ಲಿ ‘ಶಾರೀರ’ದ ಲಕ್ಷಣವಿದೆ. ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಟಿಸಬಲ್ಲ ಧ್ವನಿಯ ಶಕ್ತಿಯೇ ಶಾರೀರ. ಶರೀರದೊಡನೆ ಹುಟ್ಟುವುದರಿಂದ ಅದಕ್ಕೆ ಆ ಹೆಸರು ಎಂಬುದು ಅಲ್ಲಿನ ಅಭಿಪ್ರಾಯ. ಕನ್ನಡಿಗರ ನಾಲಿಗೆಯ ಮೇಲಿರುವ ಪದಕ್ಕೆ ಶಾಸ್ತ್ರದ ಹಿನ್ನೆಲೆ ಇಲ್ಲಿದೆ. ಇದೇ ಅಧ್ಯಾಯದಲ್ಲಿ ಇಪ್ಪತ್ತೈದು ಗಾಯಕದೋಷಗಳನ್ನು ಎಣಿಸಲಾಗಿದೆ. ಶಿಕ್ಷಾಗ್ರಂಥದ ಪಟ್ಟಿಯೊಡನೆ ಇದನ್ನು ಹೋಲಿಸಿದಾಗ ಮಹತ್ತ್ವದ ವ್ಯತ್ಯಾಸವೊಂದು ಕಾಣುತ್ತದೆ. ಹಲ್ಲು ಕಚ್ಚಿ ಹಾಡುವ ಸಂದಷ್ಟ, ಭಯ ಹುಟ್ಟಿಸುವಂತೆ ಬಾಯಿ ತೆರೆಯುವ ಕರಾಲಿ, ಮೈಯೂ ಧ್ವನಿಯೂ ನಡುಗುವ ಕಂಪಿತ, ಒಂಟೆಮರಿಯಂತೆ ಕುತ್ತಿಗೆ ಎತ್ತುವ ಕರಭ, ಹಣೆ ಮತ್ತು ಕೊರಳಿನ ನರಗಳು ಉಬ್ಬುವ ಝೋಂಬಕ, ಕೊರಳು ಸೋರೆಬುರುಡೆಯಂತಾಗುವ ತುಂಬಕಿ, ಕೊರಳನ್ನು ಓರೆ ಮಾಡುವ ವಕ್ರಿ, ಅಂಗಾಂಗಗಳನ್ನು ಚಾಚುವ ಪ್ರಸಾರಿ, ಕಣ್ಣು ಮುಚ್ಚಿ ಹಾಡುವ ನಿಮೀಲಕ – ಈ ಒಂಬತ್ತು ದೋಷಗಳು ನಾರದೀಯ ಶಿಕ್ಷೆಯ ಹದಿನಾಲ್ಕರಲ್ಲಿಲ್ಲ. ಇವೆಲ್ಲವೂ ಕಣ್ಣಿಗೆ ಕಾಣುವಂಥವು. ಧ್ವನಿದೋಷಗಳ ಪಟ್ಟಿಯು ಕಾಲಕ್ರಮದಲ್ಲಿ ಹಾಡುವವನ ಇಡೀ ದೇಹವನ್ನು ಗಮನಿಸುವ ಪಟ್ಟಿಯಾಗಿ ಬೆಳೆದಿದೆ.

ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕ ಎಂದು ಐದು ಬಗೆಯಾಗಿ ವಿಂಗಡಿಸಿರುವುದೂ ಇಲ್ಲಿ ಪ್ರಸ್ತುತ. ಕಲಿಸಬಲ್ಲವನು, ಅನುಕರಿಸುವವನು, ತಾನೇ ರಸದಲ್ಲಿ ಮುಳುಗುವವನು, ಕೇಳುಗರನ್ನು ರಂಜಿಸುವವನು, ಗೀತಕ್ಕೆ ಭಾವ ತುಂಬುವವನು ಎಂಬ ಈ ವಿಂಗಡಣೆಯು ರಸದಲ್ಲಿ ಮುಳುಗುವುದನ್ನೂ ರಸವನ್ನು ಸಭೆಗೆ ತಲುಪಿಸುವುದನ್ನೂ ಬೇರೆ ಬೇರೆಯಾಗಿ ಕಂಡಿದೆ. ಇಂದು ನಾವು ವೇದಿಕೆಯ ಸಂವಹನ ಎನ್ನುವುದರ ಬೀಜ ಇಲ್ಲಿದೆ ಎನ್ನಬಹುದು.

ತಾಳದ ಕೈ, ರಾಗದ ಕೈ

ಕರ್ನಾಟಕ ಪದ್ಧತಿಯಲ್ಲಿ ಮಗುವು ಕಲಿಯುವ ಮೊದಲ ದೈಹಿಕ ಕ್ರಿಯೆ ತಾಳ ಹಾಕುವುದು. ಸರಳೆ ವರಸೆಯ ಮೊದಲ ದಿನವೇ ಬಲಗೈ ತೊಡೆಯ ಮೇಲೆ ಬೀಳುತ್ತದೆ. ಒಂದು ಘಾತ, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಘಾತ ಮತ್ತು ವಿಸರ್ಜಿತ. ಕಾಲದ ಲೆಕ್ಕ ಮನಸ್ಸಿಗೆ ಬರುವ ಮೊದಲೇ ಕೈಗೆ ಬರುತ್ತದೆ. ಕಛೇರಿಯಲ್ಲಿ ಈ ಕೈ ಹಾಡುವವರೊಬ್ಬರದಷ್ಟೇ ಅಲ್ಲ. ಮೃದಂಗ ವಾದಕರು ಅದನ್ನು ನೋಡಿ ಎತ್ತುಗಡೆಯನ್ನು ತಿಳಿಯುತ್ತಾರೆ. ತನಿ ಆವರ್ತನದ ವೇಳೆ ಗಾಯಕರು ಲಯವಾದ್ಯದವರಿಗಾಗಿ ತಾಳವನ್ನು ಕೈಯಲ್ಲಿ ಹಿಡಿದು ತೋರುತ್ತಾರೆ. ಸಭೆಯಲ್ಲಿ ಕುಳಿತ ಹತ್ತಾರು ಕೈಗಳು ಅದರೊಡನೆ ಬೀಳುತ್ತವೆ. ವೇದಿಕೆ ಮತ್ತು ಸಭೆಗಳ ನಡುವೆ ಮಾತಿಲ್ಲದೆ ನಡೆಯುವ ಅತ್ಯಂತ ಸಮರ್ಥ ಸಂವಹನವಿದು.

ಹಿಂದೂಸ್ತಾನಿ ಖಯಾಲ್ ಗಾಯನದಲ್ಲಿ ತಾಳದ ಠೇಕಾವನ್ನು ತಬಲಾ ಹೊತ್ತಿರುವುದರಿಂದ ಗಾಯಕರ ಕೈಗಳಿಗೆ ಬಿಡುವು ದೊರೆಯುತ್ತದೆ. ಬಿಡುವಾದ ಕೈ ರಾಗದ ಹಿಂದೆ ಹೋಗುತ್ತದೆ. ಮೀಂಡನ್ನು ಎಳೆಯುತ್ತದೆ, ತಾನಿನ ಸುಳಿಗಳನ್ನು ಗಾಳಿಯಲ್ಲಿ ಬಿಡಿಸುತ್ತದೆ. ಗದುಗಿನಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರ (1922–2011) ಕಛೇರಿಗಳನ್ನು ನೋಡಿದವರಿಗೆ ಅವರ ಭುಜ, ತೋಳು, ಮುಖಗಳೆಲ್ಲ ತಾನಿನೊಡನೆ ಚಲಿಸುತ್ತಿದ್ದ ಬಗೆ ಮರೆಯುವಂಥದಲ್ಲ. ಶಾರ್ಙ್ಗದೇವನ ಪಟ್ಟಿಯನ್ನು ಅಕ್ಷರಶಃ ಅನ್ವಯಿಸಿದರೆ ವಕ್ರಿ, ಪ್ರಸಾರಿ, ನಿಮೀಲಕ ದೋಷಗಳನ್ನು ಅಲ್ಲಿ ಎತ್ತಿ ತೋರಿಸಬಹುದಿತ್ತು. ಸಭೆ ಹಾಗೆ ಮಾಡಲಿಲ್ಲ. ಆ ಚಲನೆಯು ಸ್ವರಕ್ಕೆ ಅಡ್ಡಬರುತ್ತಿರಲಿಲ್ಲ; ಸ್ವರ ಹೋಗುವ ದಾರಿಯನ್ನೇ ಕೇಳುಗರಿಗೆ ಕಾಣಿಸುತ್ತಿತ್ತು. ಹಿಂದೂಸ್ತಾನಿ ಗಾಯಕರ ಹಸ್ತಚಲನೆಯನ್ನು ಕುರಿತು 2012ರಲ್ಲಿ ಗ್ರಂಥ ಪ್ರಕಟಿಸಿದ ಮ್ಯಾಟ್ ರಹೇಮ್ ಅವರು ಈ ಚಲನೆಗಳು ಅಲಂಕಾರವಲ್ಲ, ರಾಗಚಿಂತನೆಯ ಭಾಗವೇ ಎಂದೂ, ಗುರುವಿನಿಂದ ಶಿಷ್ಯರಿಗೆ ಅವು ಅರಿವಿಲ್ಲದೆ ಹರಿದುಬರುತ್ತವೆ ಎಂದೂ ತೋರಿಸಿದ್ದಾರೆ.

ಆದುದರಿಂದ ದೋಷವೆಂದರೆ ಚಲನೆಯಲ್ಲ, ನಾದಕ್ಕೆ ತೊಡಕಾಗುವ ಬಿಗಿತ ಎಂದು ಅರ್ಥೈಸುವುದು ಹೆಚ್ಚು ಸಮಂಜಸ. ಕಚ್ಚಿದ ಹಲ್ಲು, ಉಬ್ಬಿದ ನರ, ಎತ್ತಿದ ಕುತ್ತಿಗೆ – ಇವು ಮೊದಲು ಕಣ್ಣಿಗೆ ಕಂಡರೂ ಕೊನೆಗೆ ಕಿವಿಗೆ ಕೇಳಿಸುತ್ತವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಈ ಮಾತಿಗೆ ಪುಷ್ಟಿ ನೀಡುತ್ತದೆ. ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ, ತಾವೂ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ಅಂಧರಿಗೂ ಬಡವರ ಮಕ್ಕಳಿಗೂ ಸಂಗೀತ ಕಲಿಸಿ ನಾಡಿಗೆ ಕಲಾವಿದರನ್ನು ನೀಡಿದರು. ಪಂಡಿತ ಬಸವರಾಜ ರಾಜಗುರುಗಳಂಥವರು ಆ ಪರಂಪರೆಯಿಂದ ಬಂದವರು. ನೋಡಿ ಅನುಕರಿಸುವ ದಾರಿ ಮುಚ್ಚಿರುವಲ್ಲಿಯೂ ಶಿಷ್ಯನ ದೇಹದ ಸ್ಥಿತಿ ಅವನ ಧ್ವನಿಯಲ್ಲಿಯೇ ಗುರುವಿಗೆ ತಿಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ತಂಬೂರಿಯ ಹಿಂದಿನ ಪಾಠ

ಗುರುಕುಲದಲ್ಲಿ ದೇಹವನ್ನು ಕುರಿತು ಪ್ರತ್ಯೇಕ ಪಾಠವಿರಲಿಲ್ಲ. ಅದು ಸಹವಾಸದಿಂದ ಬರುತ್ತಿತ್ತು. ಕುಂದಗೋಳದ ಸವಾಯಿ ಗಂಧರ್ವರಲ್ಲಿ (1886–1952) ಭೀಮಸೇನ ಜೋಶಿಯವರು ಮನೆಗೆಲಸ ಮಾಡುತ್ತ, ನೀರು ಹೊರುತ್ತ ಕಲಿತದ್ದು, ಗಂಗೂಬಾಯಿ ಹಾನಗಲ್ಲರು (1913–2009) ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದುದು ನಮಗೆಲ್ಲ ತಿಳಿದ ಸಂಗತಿ. ಇಡೀ ದಿನ ಕಣ್ಣೆದುರಿಗಿರುವ ಶಿಷ್ಯನು ದಣಿದಾಗ ಹೇಗೆ ಕೂರುತ್ತಾನೆ, ತಾರಷಡ್ಜಕ್ಕೆ ಹೋಗುವಾಗ ಗಲ್ಲವನ್ನು ಏನು ಮಾಡುತ್ತಾನೆ ಎಂಬುದು ಗುರುವಿಗೆ ಸಹಜವಾಗಿಯೇ ಗೊತ್ತಿರುತ್ತಿತ್ತು.

ವೇದಿಕೆಯ ಶಿಕ್ಷಣಕ್ಕೂ ಒಂದು ಸ್ಥಾನವಿತ್ತು. ಅದು ಗುರುವಿನ ಹಿಂದೆ, ತಂಬೂರಿಯ ಬಳಿ. ಶಿಷ್ಯನು ಗುರುವಿನ ಕಛೇರಿಯಲ್ಲಿ ತಂಬೂರಿ ಮೀಟುತ್ತ ಗಂಟೆಗಟ್ಟಲೆ ಕುಳಿತುಕೊಳ್ಳಬೇಕು. ಕಾಲು ಜೋಮು ಹಿಡಿದರೂ ಮೀಟು ತಪ್ಪಬಾರದು. ಮುಂದೆ ಸಭೆಯಿದೆ, ಆದರೆ ಸಭೆಯ ಹೊಣೆ ತನ್ನದಲ್ಲ. ಗುರು ಉಸಿರಿಗಾಗಿ ನಿಂತಾಗ ಒಂದು ಸ್ವರವನ್ನು ಹಿಡಿದು ಮುಂದುವರಿಸುವ ಅವಕಾಶ ಬರುತ್ತದೆ; ಕೆಲವು ವರ್ಷಗಳ ನಂತರ ಒಂದು ಸಾಲು, ಮತ್ತೂ ಕೆಲವು ವರ್ಷಗಳ ನಂತರ ಒಂದು ಆವರ್ತ. ಪಕ್ಕವಾದ್ಯದವರೊಡನೆ ಗುರುವಿನ ಕಣ್ಣು ಹೇಗೆ ಮಾತನಾಡುತ್ತದೆ, ಸಭೆ ಚಡಪಡಿಸಿದಾಗ ಗುರು ಏನು ಮಾಡುತ್ತಾರೆ, ತಪ್ಪಾದಾಗ ಮುಖವನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಶಿಷ್ಯನು ಒಂದು ಮೊಳ ದೂರದಿಂದ ನೋಡುತ್ತಾನೆ. ಶಾಸ್ತ್ರವು ‘ಭೀತ’ ಎಂದು ಹೆಸರಿಟ್ಟ ದೋಷಕ್ಕೆ ಪರಂಪರೆ ಕಂಡುಕೊಂಡ ಪರಿಹಾರ ಇದು. ಭಯವು ಉಪದೇಶದಿಂದ ಹೋಗುವುದಿಲ್ಲ. ಸಭೆಯ ಮುಂದೆ ಮೈ ಪಳಗುವುದರಿಂದ ಹೋಗುತ್ತದೆ.

ಈ ಕ್ರಮಕ್ಕೂ ಮಿತಿಗಳಿದ್ದವು. ಗುರುವಿನ ವಿದ್ಯೆಯೊಂದಿಗೆ ಗುರುವಿನ ಮುಖವಿಕಾರವನ್ನೂ ಕೆಮ್ಮನ್ನೂ ಶಿಷ್ಯನು ಕಲಿತುಬಿಡುತ್ತಿದ್ದ. ಪ್ರಶ್ನೆ ಕೇಳುವ ಸಂಪ್ರದಾಯವಿರಲಿಲ್ಲ. ನೋವನ್ನು ಹೇಳಿಕೊಳ್ಳುವುದು ಸಾಧನೆಯ ಕೊರತೆಯೆನಿಸುತ್ತಿತ್ತು. ತಂಬೂರಿಯ ಹಿಂದಿನ ಆ ಸ್ಥಾನ ಎಲ್ಲರಿಗೂ ದೊರೆಯುತ್ತಲೂ ಇರಲಿಲ್ಲ. ಗುರುಕುಲವನ್ನು ನೆನೆಯುವಾಗ ಇವನ್ನು ಮರೆಯುವಂತಿಲ್ಲ.

ರಂಗಭೂಮಿಯೆಂಬ ಇನ್ನೊಂದು ಶಾಲೆ

ನಮ್ಮ ನಾಡಿನ ಸಂಗೀತಗಾರರಿಗೆ ಗುರುಕುಲದ ಹೊರಗೆ ಇನ್ನೊಂದು ಶಾಲೆಯಿತ್ತು, ಅದು ವೃತ್ತಿರಂಗಭೂಮಿ. ಅದಕ್ಕೂ ಹಿಂದೆ ಹರಿದಾಸರ ಕೀರ್ತನೆ ಮತ್ತು ಹರಿಕಥೆಗಳು ಗಾಯನವನ್ನು ನಿಂತ ದೇಹಕ್ಕೆ ಒಪ್ಪಿಸಿದ್ದವು. ಹೆಗಲಿಗೆ ತಂಬೂರಿ, ಕಾಲಿಗೆ ಗೆಜ್ಜೆ, ಕೈಗೆ ಚಿಟಿಕೆ. ದಾಸರ ಹಾಡಿನಲ್ಲಿ ಇಡೀ ದೇಹವೇ ಪಕ್ಕವಾದ್ಯವಾಗಿತ್ತು. ಕೇಳುಗರು ಬೀದಿಯಲ್ಲಿ ಅಥವಾ ದೇವಾಲಯದ ಅಂಗಳದಲ್ಲಿದ್ದವರು; ಅವರನ್ನು ಹಿಡಿದು ನಿಲ್ಲಿಸುವ ಹೊಣೆ ಹಾಡುವವರದಾಗಿತ್ತು.

1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯೂ ಅದರ ಸಮಕಾಲೀನ ನಾಟಕ ಮಂಡಳಿಗಳೂ ಹಾಡಬಲ್ಲ ನಟರನ್ನೇ ನೆಚ್ಚಿಕೊಂಡಿದ್ದವು. ಮೈಸೂರು ಸೀಮೆಯಲ್ಲಿ ಎ. ವಿ. ವರದಾಚಾರ್ಯರ ಖ್ಯಾತಿಗೆ ನಟನೆಯಷ್ಟೇ ಗಾಯನವೂ ಕಾರಣವಾಗಿತ್ತು. ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ಪಂಡಿತ ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಸಣ್ಣ ಪಾತ್ರಗಳನ್ನು ವಹಿಸಿದ್ದರು. ಅವರ ಕಂಠದ ಗುಣವನ್ನು ಗುರುತಿಸಿ ಸಂಗೀತ ಪಾಠಕ್ಕೆ ಹಾದಿ ಮಾಡಿಕೊಟ್ಟದ್ದು ಆ ಪರಿಸರವೇ. ಪಂಚಾಕ್ಷರ ಗವಾಯಿಗಳೂ ನಾಟ್ಯಸಂಘವನ್ನು ನಡೆಸಿದವರು.

ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಹಾಡು ಮುಟ್ಟಬೇಕಿತ್ತು. ಅದೂ ನಡೆಯುತ್ತ, ತಿರುಗುತ್ತ, ಭಾರದ ಉಡುಪು ಧರಿಸಿ. ಸಭೆ ಮೆಚ್ಚಿದರೆ ‘ಒನ್ಸ್ ಮೋರ್’ ಎಂಬ ಕೂಗು ಆ ಕ್ಷಣದಲ್ಲೇ ಬರುತ್ತಿತ್ತು; ಮೆಚ್ಚದಿದ್ದರೆ ಅದೂ ಆ ಕ್ಷಣದಲ್ಲೇ ತಿಳಿಯುತ್ತಿತ್ತು. ಉಸಿರನ್ನು ಉಳಿಸಿಕೊಳ್ಳುವುದು, ಮಾತಿನಿಂದ ಹಾಡಿಗೆ ಜಾರುವುದು, ಎದುರಿನವರ ಕಣ್ಣಿನಲ್ಲಿ ಪ್ರತಿಕ್ರಿಯೆಯನ್ನು ಓದುವುದು – ಇವುಗಳನ್ನು ಕಲಿತ ದೇಹವು ಮುಂದೆ ಕಛೇರಿಯ ವೇದಿಕೆಯ ಮೇಲೆ ಪದ್ಮಾಸನ ಹಾಕಿ ಕುಳಿತಾಗಲೂ ಆ ಪಾಠವನ್ನು ಮರೆಯಲಿಲ್ಲ. ಉತ್ತರ ಕರ್ನಾಟಕದ ಗಾಯಕರ ಸಭಾಕರ್ಷಣೆಯ ಹಿನ್ನೆಲೆಯಲ್ಲಿ ರಂಗಭೂಮಿಯ ಈ ಪಾಲನ್ನು ನಮ್ಮ ಸಂಗೀತ ಚರಿತ್ರೆಗಳು ಇನ್ನೂ ಸಾಕಷ್ಟು ಗುರುತಿಸಿಲ್ಲ.

ಹಾಡು ಮತ್ತು ಅಭಿನಯ ಬೇರೆಯಾದ ಬಗೆ

ಕಲಾವಿದೆಯರ ವಿಷಯದಲ್ಲಿ ಈ ಚರಿತ್ರೆ ಬೇರೆ ಹಾದಿ ಹಿಡಿಯಿತು. ಮೈಸೂರು ಆಸ್ಥಾನದ ಜಟ್ಟಿ ತಾಯಮ್ಮನವರು (1857–1947) ಮತ್ತು ಅವರ ಶಿಷ್ಯೆ ಡಾ. ಕೆ. ವೆಂಕಟಲಕ್ಷಮ್ಮನವರು (1906–2002) ಪ್ರತಿನಿಧಿಸಿದ ಪರಂಪರೆಯಲ್ಲಿ ಪದವನ್ನು ಹಾಡುವ ಕಂಠವೂ ಅದನ್ನು ಅಭಿನಯಿಸುವ ಮುಖ ಮತ್ತು ಹಸ್ತಗಳೂ ಒಬ್ಬರವೇ ಆಗಿದ್ದವು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಪ್ರತಿ ಬಾರಿಯೂ ಬೇರೊಂದು ಭಾವವನ್ನು ತೋರುವುದು ಆ ಶಿಕ್ಷಣದ ಸಾರವಾಗಿತ್ತು. ಅಲ್ಲಿ ದೇಹಪ್ರಜ್ಞೆ ಮತ್ತು ಸಂವಹನಗಳು ಸಂಗೀತಕ್ಕೆ ಹೊರಗಿನಿಂದ ಸೇರಿಸಿದ ವಿಷಯಗಳಾಗಿರಲಿಲ್ಲ.

1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಸಾಮಾಜಿಕ ಸುಧಾರಣೆಯಾಗಿ ಅದರ ಹಿಂದೆ ಬಲವಾದ ಕಾರಣಗಳಿದ್ದವು. ಆದರೆ ಮುಂದಿನ ದಶಕಗಳಲ್ಲಿ ಮಧ್ಯಮವರ್ಗದ ಮನೆಗಳಿಂದ ವೇದಿಕೆಗೆ ಬಂದ ಗಾಯಕಿಯರಿಗೆ, ಹಳೆಯ ಪರಂಪರೆಯಿಂದ ತಾವು ಬೇರೆ ಎಂದು ತೋರಿಸುವ ಅಗತ್ಯ ದೇಹದ ಮೂಲಕವೇ ಪೂರೈಸಬೇಕಾಯಿತು. ಅಲುಗದ ಭುಜ, ಇಳಿಸಿದ ದೃಷ್ಟಿ, ಮಿತವಾದ ತಾಳದ ಕೈ ಇವು ಗೌರವದ ಲಕ್ಷಣಗಳಾದವು. ಇಪ್ಪತ್ತನೆಯ ಶತಮಾನದ ದಕ್ಷಿಣ ಭಾರತದ ಸಂಗೀತವನ್ನು ಕುರಿತ 2006ರ ಗ್ರಂಥದಲ್ಲಿ ಅಮಾಂಡಾ ವೈಡ್‌ಮನ್ ಅವರು ಗಾಯಕಿಯರ ನಿಶ್ಚಲ ದೇಹದ ಈ ನಿರೀಕ್ಷೆಯನ್ನು ಆಧುನಿಕತೆಯ ಬೆಳವಣಿಗೆಯಾಗಿಯೇ ವಿಶ್ಲೇಷಿಸಿದ್ದಾರೆ. ಪುರುಷ ಗಾಯಕರ ತೋಳು ಗಾಳಿಯಲ್ಲಿ ಚಾಚಿದಾಗ ತನ್ಮಯತೆ ಎನಿಸಿದ್ದು ಸ್ತ್ರೀಯರಲ್ಲಿ ಅನುಚಿತ ಎನಿಸಿತು. ಶಾಸ್ತ್ರದ ದೋಷಪಟ್ಟಿಯಲ್ಲಿ ಇಂತಹ ಭೇದವಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಗಂಗೂಬಾಯಿ ಹಾನಗಲ್ಲರ ಬದುಕು ಇನ್ನೊಂದು ಬಗೆಯಲ್ಲಿ ಬೆಳಕು ಚೆಲ್ಲುತ್ತದೆ. ಗಂಟಲಿನ ತೊಂದರೆಗೆ ಪಡೆದ ಚಿಕಿತ್ಸೆಯ ನಂತರ ಅವರ ತೆಳುವಾದ ಎತ್ತರದ ಕಂಠ ಗಂಭೀರವಾಗಿ ತಗ್ಗಿತು. ಸ್ತ್ರೀಕಂಠ ಹೀಗಿರಬೇಕೆಂಬ ನಿರೀಕ್ಷೆಗೆ ಮಣಿದು ಅದನ್ನು ಎತ್ತರಿಸಲು ಅವರು ಹೆಣಗಲಿಲ್ಲ; ಬದಲಾದ ಶರೀರಕ್ಕೆ ತಕ್ಕ ಶ್ರುತಿಯನ್ನೂ ಗಾಯನವನ್ನೂ ಕಟ್ಟಿಕೊಂಡರು. ತನ್ನ ದೇಹವನ್ನು ಅರಿತು ಹಾಡುವುದು ಎಂದರೇನು ಎಂಬುದಕ್ಕೆ ಇದು ಉಜ್ವಲ ಉದಾಹರಣೆ.

ಯಂತ್ರಗಳ ಪ್ರವೇಶ

1902ರಲ್ಲಿ ಭಾರತದಲ್ಲಿ ಧ್ವನಿಮುದ್ರಣ ಆರಂಭವಾದಾಗ ಹಾಡಿದ ಮೊದಲಿಗರಲ್ಲಿ ಪ್ರಮುಖರಾದ ಗೌಹರ್ ಜಾನ್ ಅವರು ತಮ್ಮ ಕೊನೆಯ ದಿನಗಳನ್ನು ಮೈಸೂರು ಆಸ್ಥಾನದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ನಿಧನರಾದರು. ಆ ಕಾಲದ ಯಂತ್ರದಲ್ಲಿ ಹಾಡುವವರು ಕಹಳೆಯ ಬಾಯಿಗೆ ಮುಖ ಒಡ್ಡಿ, ಅಲುಗದೆ, ಕೆಲವೇ ನಿಮಿಷಗಳಲ್ಲಿ ಮುಗಿಸಬೇಕಿತ್ತು. ಎದುರಿಗೆ ಕೇಳುಗರಿಲ್ಲದ ಗಾಯನ ಆಗ ಮೊದಲಾಯಿತು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಆ ಗಾಯನವು ಮನೆಮನೆಯನ್ನು ತಲುಪಿತು.

ಧ್ವನಿವರ್ಧಕ ಬರುವ ಮುನ್ನ ನಾದವನ್ನು ಹೆಚ್ಚಿಸುವ ಹೊಣೆ ದೇಹ ಮತ್ತು ವಾದ್ಯಗಳ ಮೇಲಿತ್ತು. ಮೈಸೂರು ಟಿ. ಚೌಡಯ್ಯನವರು (1895–1967) ಏಳು ತಂತಿಗಳ ಪಿಟೀಲನ್ನು ರೂಪಿಸಿದ್ದು ದೊಡ್ಡ ಸಭೆಯ ಕೊನೆಯವರಿಗೂ ನಾದ ಮುಟ್ಟಲೆಂದೇ. ಧ್ವನಿವರ್ಧಕ ಬಂದ ಮೇಲೆ ಪಿಸುಮಾತಿನಂಥ ಗಮಕವೂ ಕೇಳಿಸುವಂತಾಯಿತು. ಕಂಠದ ಮೇಲಿನ ಹೊರೆ ತಗ್ಗಿತು. ಜೊತೆಗೆ ಒಂದು ಹೊಸ ಕಟ್ಟುಪಾಡೂ ಬಂದಿತು. ಮುಖವು ಯಂತ್ರದಿಂದ ಅಂಗುಲ ಸರಿದರೂ ನಾದ ಕುಂದುವುದರಿಂದ ಗಾಯಕರ ಕಣ್ಣು ಸಭೆಯನ್ನೂ ಪಕ್ಕವಾದ್ಯದವರನ್ನೂ ಬಿಟ್ಟು ಆ ಯಂತ್ರದ ಕಡೆಗೆ ತಿರುಗಿತು.

ಇವೆಲ್ಲಕ್ಕಿಂತ ಸದ್ದಿಲ್ಲದೆ ನಡೆದ ಬದಲಾವಣೆಯೆಂದರೆ 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ವಿದ್ಯುನ್ಮಾನ ತಂಬೂರಿ. ಒಂಟಿಯಾಗಿ ಸಾಧನೆ ಮಾಡುವವರಿಗೆ, ಪ್ರಯಾಣಿಸುವ ಕಲಾವಿದರಿಗೆ ಅದು ಮಾಡಿದ ಉಪಕಾರ ದೊಡ್ಡದು. ಆದರೆ ವೇದಿಕೆಯ ಮೇಲೆ ತಂಬೂರಿಯ ಸ್ಥಾನವನ್ನು ಆ ಪೆಟ್ಟಿಗೆ ತುಂಬಿದಾಗ ಅಲ್ಲಿ ಕೂರುತ್ತಿದ್ದ ಶಿಷ್ಯ ಸಭಾಂಗಣಕ್ಕೆ ಇಳಿದ. ವಾದ್ಯ ಬದಲಾದದ್ದನ್ನು ಎಲ್ಲರೂ ಗಮನಿಸಿದರು. ಒಂದು ಪಾಠಶಾಲೆ ಮುಚ್ಚಿದ್ದನ್ನು ಬಹುಶಃ ಯಾರೂ ಗಮನಿಸಲಿಲ್ಲ.

ತರಗತಿ ಮತ್ತು ಪರೀಕ್ಷೆ

ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಂದಿನಿಂದ ಸಂಗೀತವು ತರಗತಿ, ಪಠ್ಯಕ್ರಮ ಮತ್ತು ಪ್ರಮಾಣಪತ್ರಗಳ ಜಗತ್ತನ್ನು ಪ್ರವೇಶಿಸಿತು. ನಮ್ಮಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಸಂಗೀತವನ್ನು ಸಾವಿರಾರು ಮನೆಗಳಿಗೆ ಒಯ್ದವು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸಂಗೀತ ಮತ್ತು ನೃತ್ಯಗಳ ಶಿಕ್ಷಣವನ್ನು ಆರಂಭಿಸಿದಾಗ ವೆಂಕಟಲಕ್ಷಮ್ಮನವರು ನೃತ್ಯ ವಿಭಾಗದ ಮೊದಲ ರೀಡರ್ ಆದರು. ಜಾತಿ, ಲಿಂಗ, ಮನೆತನಗಳ ಬೇಲಿಯನ್ನು ದಾಟಿ ವಿದ್ಯೆ ಹರಡಿದ್ದು ಈ ವ್ಯವಸ್ಥೆಯಿಂದಲೇ. ಅದನ್ನು ಹಗುರವಾಗಿ ಕಾಣಲಾಗದು. ಆದರ ಬೆಲೆಯನ್ನೂ ಲೆಕ್ಕ ಹಾಕಬೇಕು. ಹಾಡಿನ ವಿದ್ಯಾರ್ಥಿಗೆ ಅಭಿನಯದ ಪಾಠವಿಲ್ಲ, ಅಭಿನಯದ ವಿದ್ಯಾರ್ಥಿಗೆ ಹಾಡು ಗೌಣ. ವಾರಕ್ಕೆರಡು ಗಂಟೆ, ಹದಿನೈದು ಮಂದಿ ಕೂಡಿ ಹಾಡುವ ತರಗತಿಯಲ್ಲಿ ಒಬ್ಬೊಬ್ಬರ ಗಲ್ಲವನ್ನೂ ಭುಜವನ್ನೂ ಗಮನಿಸುವ ಬಿಡುವು ಶಿಕ್ಷಕರಿಗಿಲ್ಲ.

ಪ್ರಸ್ತುತ ಲೇಖಕನು ಪರೀಕ್ಷಕನಾಗಿದ್ದ ಸಂದರ್ಭವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಶಾಸ್ತ್ರದ ಪತ್ರಿಕೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಇಪ್ಪತ್ತೈದು ಗಾಯಕದೋಷಗಳನ್ನು ಒಂದೂ ಬಿಡದೆ, ಲಕ್ಷಣಸಮೇತ ಬರೆದಿದ್ದಳು. ಪ್ರಾಯೋಗಿಕ ಪರೀಕ್ಷೆಗೆ ಅವಳೇ ಬಂದು ಕುಳಿತಾಗ ದವಡೆ ಬಿಗಿದಿತ್ತು, ಕೊರಳಿನ ನರ ಉಬ್ಬಿತ್ತು, ತಾಳದ ಕೈ ನಡುಗುತ್ತಿತ್ತು. ಸಂದಷ್ಟ, ಝೋಂಬಕ, ಕಂಪಿತ, ಭೀತ ನಾಲ್ಕೂ ನಮ್ಮೆದುರಿಗಿದ್ದವು. ಸ್ವರ, ತಾಳ, ಪಾಠಾಂತರಗಳಿಗೆ ಅಂಕ ನೀಡಲು ನಮೂನೆಯಲ್ಲಿ ಅಂಕಣಗಳಿದ್ದವು, ಇದಕ್ಕೆ ಇರಲಿಲ್ಲ. ನಾವು ಪರೀಕ್ಷಕರೂ ಏನನ್ನೂ ಹೇಳಲಿಲ್ಲ. ತಾನು ಬೆಳಿಗ್ಗೆ ಬರೆದದ್ದು ತನ್ನ ದೇಹವನ್ನೇ ಕುರಿತದ್ದು ಎಂಬುದನ್ನು ಅವಳಿಗೆ ಅದುವರೆಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಆ ಮಧ್ಯಾಹ್ನ ನಾವೂ ತೋರಿಸಲಿಲ್ಲ.

ಇದರ ಪರಿಣಾಮ ಅಂಕಗಳಿಗೆ ಸೀಮಿತವಲ್ಲ. ಬಿಗಿದ ಕೊರಳಿನಿಂದ ವರ್ಷಗಟ್ಟಲೆ ಹಾಡಿದ ಕಂಠ ಒಡೆಯುತ್ತದೆ. ಓರೆಯಾಗಿ ಕುಳಿತು ನುಡಿಸಿದ ಪಿಟೀಲು, ವೀಣಾ ವಾದಕರ ಬೆನ್ನು ಮತ್ತು ಭುಜಗಳು ನೋಯುತ್ತವೆ. ಭಯವನ್ನು ಗೆಲ್ಲಲಾಗದ ಎಷ್ಟೋ ಪ್ರತಿಭೆಗಳು ಪ್ರಮಾಣಪತ್ರದೊಂದಿಗೆ ಮೌನವಾಗುತ್ತವೆ. ತನ್ನ ಧ್ವನಿ ಕೈಕೊಟ್ಟಾಗ ಕನ್ನಡಿಗಳ ಮುಂದೆ ನಿಂತು ಕೊರಳು, ತಲೆಗಳ ಬಿಗಿತವನ್ನು ಗುರುತಿಸಿಕೊಂಡ ಆಸ್ಟ್ರೇಲಿಯಾದ ವಾಚಕ ಎಫ್. ಎಂ. ಅಲೆಕ್ಸಾಂಡರ್ (1869–1955) ರೂಪಿಸಿದ ಪದ್ಧತಿಯನ್ನು ಇಂದು ಪಾಶ್ಚಾತ್ಯ ಸಂಗೀತ ಶಾಲೆಗಳು ಕಲಿಸುತ್ತವೆ. ಕಲಾವಿದರ ದೈಹಿಕ ತೊಂದರೆಗಳಿಗಾಗಿಯೇ 1986ರಿಂದ ವೈದ್ಯಕೀಯ ಪತ್ರಿಕೆಯೊಂದು ಅಲ್ಲಿ ಪ್ರಕಟವಾಗುತ್ತಿದೆ. ಆತ ಕನ್ನಡಿಯಲ್ಲಿ ಕಂಡದ್ದನ್ನು ಶಾರ್ಙ್ಗದೇವನು ಸಭೆಯಲ್ಲಿ ಕಂಡಿದ್ದ. ಅಲ್ಲಿ ಕಂಡದ್ದು ಅಭ್ಯಾಸಕ್ರಮವಾಯಿತು. ಇಲ್ಲಿ ಕಂಡದ್ದು ಕಂಠಪಾಠವಾಯಿತು.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದು, ಸಂಗೀತಗಾರರ ದೇಹಪ್ರಜ್ಞೆ ನಮ್ಮ ಪರಂಪರೆಗೆ ಹೊರಗಿನದಲ್ಲ. ಶಿಕ್ಷಾಗ್ರಂಥಗಳಿಂದ ಸಂಗೀತರತ್ನಾಕರದವರೆಗೆ ಅದರ ಬೆಳವಣಿಗೆಯನ್ನು ಗುರುತಿಸಬಹುದು. ಎರಡನೆಯದು, ಅದನ್ನು ಕಾರ್ಯರೂಪಕ್ಕೆ ತಂದದ್ದು ಗ್ರಂಥಗಳಲ್ಲ. ತಾಳದ ಕೈ, ತಂಬೂರಿಯ ಹಿಂದಿನ ಸ್ಥಾನ, ರಂಗಭೂಮಿ ಮತ್ತು ಅಭಿನಯದ ಪರಂಪರೆಗಳು. ಇವುಗಳಲ್ಲಿ ಮೊದಲನೆಯದೊಂದು ಮಾತ್ರ ಇಂದಿನ ಶಿಕ್ಷಣದಲ್ಲಿ ಪೂರ್ಣವಾಗಿ ಉಳಿದಿದೆ. ಮೂರನೆಯದು, ಗುಣದೋಷಗಳ ಪಟ್ಟಿಯನ್ನು ಎಲ್ಲ ಚಲನೆಯನ್ನೂ ತಡೆಯುವ ನಿಯಮವೆಂದು ಓದಬಾರದು. ಹಾಗೆ ಓದಿದರೆ ಭೀಮಸೇನ ಜೋಶಿಯವರನ್ನು ಅನುತ್ತೀರ್ಣಗೊಳಿಸಬೇಕಾಗುತ್ತದೆ. ಗಾಯಕಿಯರ ಮೇಲೆ ಹೇರಿದ ನಿಶ್ಚಲತೆಗೂ ಶಾಸ್ತ್ರದ ಮುದ್ರೆ ಒತ್ತಿದಂತಾಗುತ್ತದೆ.

ಕಳೆದುಹೋದ ಗುರುಕುಲವನ್ನು ಮರಳಿ ಕಟ್ಟಲಾಗದು. ಹಾಗೆ ಬಯಸುವುದೂ ಉಚಿತವಲ್ಲ. ಆದರೆ ಗಾಯಕದೋಷಗಳ ಪ್ರಶ್ನೆಯನ್ನು ಶಾಸ್ತ್ರದ ಪತ್ರಿಕೆಯಿಂದ ಪ್ರಾಯೋಗಿಕ ತರಗತಿಗೆ ತಂದು, ವಿದ್ಯಾರ್ಥಿಗಳು ಪರಸ್ಪರರನ್ನು ಗಮನಿಸಿ ಹೇಳುವಂತೆ ಮಾಡುವುದು ಕಷ್ಟವೇನಲ್ಲ. ಸಂಗೀತ ಮತ್ತು ನೃತ್ಯ ವಿಭಾಗಗಳು ಒಂದೇ ಸೂರಿನಡಿ ಇರುವಲ್ಲಿ ಹಾಡುವವರು ಕೆಲವು ತಿಂಗಳ ಕಾಲ ಒಂದು ಪದದ ಅಭಿನಯವನ್ನು ಕಲಿಯಬಹುದು. ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿಗೆ ಒಂದು ಅಂಕಣವನ್ನು ಸೇರಿಸದಿದ್ದರೂ, ಪರೀಕ್ಷಕರು ಕೊನೆಯಲ್ಲಿ ಎರಡು ಮಾತು ಹೇಳುವ ಪದ್ಧತಿಯನ್ನು ಆರಂಭಿಸಬಹುದು. ಹಿರಿಯ ಕಲಾವಿದರು ವಿದ್ಯುನ್ಮಾನ ಪೆಟ್ಟಿಗೆಯನ್ನು ಶ್ರುತಿಗೆ ಇಟ್ಟುಕೊಂಡರೂ ಅದರ ಪಕ್ಕದಲ್ಲಿ ತಂಬೂರಿ ಹಿಡಿದ ಶಿಷ್ಯನಿಗೋ ಶಿಷ್ಯೆಗೋ ಸ್ಥಳ ಬಿಡಬಹುದು. ವೇದಿಕೆಯ ಮೇಲೆ ಅದಕ್ಕೆ ಬೇಕಾಗುವುದು ಒಂದು ಚಾಪೆಯಷ್ಟು ಜಾಗ.